ಬೇಲಿಯಾಚೆಯ ಕಳೆ: ಗುರುತು, ಹತೋಟಿ ಮತ್ತು ಹೊಣೆ

ಮಳೆಗಾಲ ಹಿಂದೆ ಸರಿದು, ಕಾಫಿ ಕಾಯಿ ಬಲಿಯುತ್ತ, ಅಡಿಕೆ ಕೊನೆ ಬಣ್ಣಕ್ಕೆ ತಿರುಗುವ ದಿನಗಳಲ್ಲಿ ಬೆಳೆಗಾರನ ಎದುರಿಗೆ ಬಂದು ನಿಲ್ಲುವ ಮೊದಲ ಖರ್ಚು ಕಳೆಯದು. ಕೊಯ್ಲಿಗೆ ಮುಂಚೆ ತೋಟ ಚೊಕ್ಕಟವಾಗಬೇಕು. ಉದುರಿದ ಹಣ್ಣು ಕಣ್ಣಿಗೆ ಬೀಳಬೇಕು. ಆಳುಗಳು ನಿರ್ಭಯವಾಗಿ ಸಾಲಿನೊಳಗೆ ಓಡಾಡಬೇಕು. ಈ ಕೆಲಸವನ್ನು ನಮ್ಮ ಹಿರಿಯರೂ ಮಾಡಿದರು, ನಾವೂ ಮಾಡುತ್ತಿದ್ದೇವೆ. ಆದರೆ ಸಂಘದ ಕಚೇರಿಗೆ ಬರುವ ಸದಸ್ಯರು ಇತ್ತೀಚಿನ ವರ್ಷಗಳಲ್ಲಿ ಹೇಳುವ ಮಾತು ಬೇರೆ. “ಕಳೆ ತೆಗೆಸಿ ಮುಗಿಯುವುದರೊಳಗೆ ಮತ್ತೆ ಹುಟ್ಟಿರುತ್ತದೆ, ನಮ್ಮ ತೋಟದ್ದಲ್ಲ, ಮೇಲಿನ ಬೆಟ್ಟದಿಂದ ಹಾರಿ ಬರುತ್ತದೆ” ಎಂಬುದು ಆ ಮಾತು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಇಂದು ನಮ್ಮನ್ನು ಕಾಡುತ್ತಿರುವ ಕಳೆಗಳಲ್ಲಿ ದೊಡ್ಡ ಪಾಲು ಬೇಲಿಯಾಚೆಯಿಂದ ಬಂದದ್ದು; ಇನ್ನೂ ಹಿಂದಕ್ಕೆ ಹೋದರೆ ಸಮುದ್ರದಾಚೆಯಿಂದ ಬಂದದ್ದು.

ಲೆಕ್ಕ ಹಾಕಿ ನೋಡೋಣ. ಎಕರೆಯ ಕಳೆಗೆ ಎಂಟು ಆಳು ಎಂದು ಹಿಡಿದರೆ, ವರ್ಷಕ್ಕೆ ಮೂರು ಸಲಕ್ಕೆ 24 ಆಳು. ಎರಡೂವರೆ ಎಕರೆಯ ಸಣ್ಣ ಹಿಡುವಳಿದಾರನಿಗೆ ಇದು 60 ಆಳಿನ ಲೆಕ್ಕ. ಮೂರು ಸಲದ ಕೆಲಸವನ್ನು ಎರಡು ಸಲಕ್ಕೆ ಇಳಿಸಿದರೆ 20 ಆಳು ಉಳಿಯುತ್ತದೆ. ಕೊಯ್ಲಿಗೇ ಆಳು ಸಿಗದ ಈ ಕಾಲದಲ್ಲಿ 20 ಆಳಿನ ಬೆಲೆ ಏನೆಂಬುದನ್ನು ಬೆಳೆಗಾರ ಬಂಧುಗಳಿಗೆ ನಾವು ವಿವರಿಸಬೇಕಾಗಿಲ್ಲ. ಹೀಗೆ ಇಳಿಸುವುದು ಸಾಧ್ಯ. ಅದಕ್ಕೆ ಎರಡು ಷರತ್ತುಗಳಿವೆ. ಮೊದಲನೆಯದು, ಶತ್ರುವಿನ ಗುರುತು ಸರಿಯಾಗಿ ಸಿಕ್ಕಬೇಕು. ಎರಡನೆಯದು, ಬೇಲಿಯ ಎರಡೂ ಬದಿಯವರು ಒಂದೇ ಹೊತ್ತಿಗೆ ಕೈ ಹಾಕಬೇಕು.

ಎಲ್ಲ ಹಸಿರೂ ಶತ್ರುವಲ್ಲ

ತೋಟದ ನೆಲದಲ್ಲಿ ಹುಟ್ಟಿದ್ದನ್ನೆಲ್ಲ ಕೆರೆದು ಕೆಂಪು ಮಣ್ಣು ಕಾಣಿಸಿದರೆ ತೋಟ ಚೊಕ್ಕಟ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇದೆ. ಇಳಿಜಾರು ನೆಲದಲ್ಲಿ, ಮಲೆನಾಡಿನ ಮಳೆಗೆ, ಹೀಗೆ ಬರಿದಾದ ಮಣ್ಣು ಹಳ್ಳದ ಪಾಲಾಗುತ್ತದೆ. ನೆಲಕ್ಕೆ ಹಬ್ಬಿದ ಸಣ್ಣಪುಟ್ಟ ಹುಲ್ಲು, ಸೊಪ್ಪು ಮಣ್ಣನ್ನು ಹಿಡಿಯುತ್ತವೆ. ಕತ್ತಿಯಿಂದ ಸವರಿ ಅಲ್ಲೇ ಬಿಟ್ಟರೆ ಗೊಬ್ಬರವಾಗುತ್ತವೆ. ಇವುಗಳೊಡನೆ ನಾವು ಬಾಳಬಹುದು. ಗಿಡದ ಬುಡದ ಸುತ್ತ ಮಾತ್ರ ಬಿಡಿಸಿಕೊಂಡರೆ ಸಾಕು.

ನಾವಿಲ್ಲಿ ಹೇಳಹೊರಟಿರುವುದು ಬೇರೆ ಜಾತಿಯ ಕಳೆಗಳ ವಿಷಯ. ಇವು ಹುಟ್ಟುನೆಲದಲ್ಲಿ ತಮ್ಮನ್ನು ತಿನ್ನುತ್ತಿದ್ದ ಹುಳುಗಳನ್ನೂ ತಮಗೆ ತಗಲುತ್ತಿದ್ದ ರೋಗಗಳನ್ನೂ ಅಲ್ಲೇ ಬಿಟ್ಟು ಬಂದವು. ಇಲ್ಲಿ ಇವನ್ನು ದನ ಮುಟ್ಟುವುದಿಲ್ಲ, ಹುಳು ತಿನ್ನುವುದಿಲ್ಲ. ಬೀಜವೋ ಲೆಕ್ಕವಿಲ್ಲದಷ್ಟು. ಒಮ್ಮೆ ಹಿಡಿದ ಜಾಗದಲ್ಲಿ ಬೇರೆ ಗಿಡ ಏಳಲು ಇವು ಬಿಡುವುದಿಲ್ಲ. ನಮ್ಮ ಸೀಮೆಯಲ್ಲಿ ಮುಖ್ಯವಾಗಿ ಆರನ್ನು ಗುರುತಿಸಿಕೊಳ್ಳಬೇಕು.

1. ಯುಪಟೋರಿಯಂ

ಕರಾವಳಿಯಲ್ಲೂ ಘಟ್ಟದ ಅಂಚಿನಲ್ಲೂ ಇದನ್ನು ಕಮ್ಯುನಿಸ್ಟ್ ಗಿಡ ಎನ್ನುತ್ತಾರೆ. ಎಲೆ ತ್ರಿಕೋನಾಕಾರ, ಜೋಡಿ ಜೋಡಿಯಾಗಿ ಎದುರುಬದುರು ಇರುತ್ತದೆ. ಬುಡದಿಂದಲೇ ಮೂರು ನರಗಳು ತ್ರಿಶೂಲದಂತೆ ಹೊರಡುತ್ತವೆ. ಎಲೆ ಹೊಸಕಿದರೆ ಕಟುವಾದ ವಾಸನೆ. ಆಳೆತ್ತರಕ್ಕೂ ಮೀರಿ ಬೆಳೆದು, ಆಸರೆ ಸಿಕ್ಕರೆ ಮರದ ಮೇಲೂ ಒರಗುತ್ತದೆ. ನವೆಂಬರಿನಿಂದ ಜನವರಿಯವರೆಗೆ ಬಿಳಿಯ, ತುಸು ನೇರಳೆ ಛಾಯೆಯ ಹೂವಿನ ಗೊಂಚಲು. ಆಮೇಲೆ ಹತ್ತಿಯ ನಾರಿನಂಥ ಕುಚ್ಚು ಕಟ್ಟಿಕೊಂಡ ಬೀಜ ಗಾಳಿಗೆ ಹಾರುತ್ತದೆ.

ಉಷ್ಣವಲಯದ ಅಮೆರಿಕದ ಈ ಗಿಡ 19ನೆಯ ಶತಮಾನದಲ್ಲಿ ಕಲ್ಕತ್ತೆಯ ಕಡೆಯಿಂದ ನಮ್ಮ ದೇಶವನ್ನು ಹೊಕ್ಕಿತು. ಪಶ್ಚಿಮ ಘಟ್ಟವನ್ನು ವ್ಯಾಪಿಸಿದ್ದು 20ನೆಯ ಶತಮಾನದಲ್ಲಿ. ದಟ್ಟ ನೆರಳನ್ನು ಇದು ಸಹಿಸದು. ಆದ್ದರಿಂದ ನೆರಳು ಚೆನ್ನಾಗಿರುವ ಕಾಫಿ ತೋಟದ ನಡುವೆ ಇದು ಕಡಿಮೆ. ರಸ್ತೆಯಂಚು, ಮರ ಬಿದ್ದ ಬಯಲು, ಹೊಸ ನೆಡುತೋಟ, ಬೆಂಕಿ ಬಿದ್ದ ಬೆಟ್ಟ ಇವು ಇದರ ಮನೆ. ಮಿತಿಮೀರಿ ಮರಗಸಿ ಮಾಡಿಸಿದವರ ತೋಟದಲ್ಲಿ ಮರುವರ್ಷವೇ ಇದು ಕಾಣಿಸಿಕೊಳ್ಳುವುದನ್ನು ನಾವು ನೋಡಿದ್ದೇವೆ.

ಹತೋಟಿಗೆ ಎರಡು ಹದಗಳಿವೆ. ಜೂನ್–ಜುಲೈ ತಿಂಗಳಲ್ಲಿ ಮಣ್ಣು ಒದ್ದೆಯಿರುವಾಗ ಎಳೆಯ ಸಸಿಗಳನ್ನು ಬೇರು ಸಹಿತ ಕೀಳುವುದು ಸುಲಭ. ಬಲಿತ ಗಿಡವನ್ನು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಮೊಗ್ಗು ಕಾಣುವ ಮುಂಚೆ, ಪಿಕಾಸಿಯಿಂದ ಬುಡ ಅಗೆದು ತೆಗೆಯಬೇಕು. ಬರಿದೆ ಕತ್ತಿಯಲ್ಲಿ ಸವರಿದರೆ ಒಂದು ದಂಟಿನ ಜಾಗದಲ್ಲಿ ನಾಲ್ಕು ದಂಟು ಚಿಗುರುತ್ತವೆ. ತೆಗೆದ ಗಿಡವನ್ನು ಎರಡು ದಿನ ಬಾಡಿಸಿ ಅಡಿಕೆ ಮರದ ಬುಡಕ್ಕೆ ಮುಚ್ಚಿಗೆ ಮಾಡಬಹುದು, ಗೊಬ್ಬರದ ಗುಂಡಿಗೂ ಹಾಕಬಹುದು. ಮೆದು ಸೊಪ್ಪಾದ್ದರಿಂದ ಬೇಗ ಕೊಳೆಯುತ್ತದೆ. ಹೂ ಬಂದದ್ದನ್ನು ಮಾತ್ರ ಯಾವ ಕಾರಣಕ್ಕೂ ತೋಟದೊಳಗೆ ತರಬಾರದು.

2. ಲಂಟಾನ

ಕೆಲವೆಡೆ ಚದುರಂಗಿ ಎಂಬ ಹೆಸರೂ ಇದೆ. ಚೌಕನೆಯ, ಮುಳ್ಳುಳ್ಳ ಕಾಂಡ, ಒರಟು ಎಲೆ, ಒಂದೇ ಗೊಂಚಲಿನಲ್ಲಿ ಎರಡು ಮೂರು ಬಣ್ಣದ ಹೂ, ಹಣ್ಣಾದಾಗ ಕಪ್ಪಗೆ ಹೊಳೆಯುವ ಕಾಳು. ಹಣ್ಣು ತಿಂದ ಪಿಕಳಾರ ಮೊದಲಾದ ಹಕ್ಕಿಗಳು ಬೀಜವನ್ನು ಮರದ ಕೆಳಗೆಲ್ಲ ಬಿತ್ತುತ್ತವೆ. ಎಲೆ ತಿಂದ ದನಕುರಿಗಳಿಗೆ ಯಕೃತ್ತು ಕೆಟ್ಟು ಕಾಮಾಲೆ ಬರುವುದುಂಟು. ಬಿಸಿಲಿಗೆ ಚರ್ಮ ಸುಲಿಯುವುದುಂಟು. ಅಂಥ ದನವನ್ನು ನೆರಳಿಗೆ ಕಟ್ಟಿ ಕೂಡಲೆ ಪಶುವೈದ್ಯರಿಗೆ ತೋರಿಸಬೇಕು.

ಇದು 19ನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಬೇಲಿಗೆ ಚೆನ್ನ ಎಂದು ಹಳ್ಳಿಹಳ್ಳಿಯಲ್ಲಿ ನೆಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದಿತು ಎಂಬ ಗಾದೆ ಈ ಗಿಡದ ಮಟ್ಟಿಗೆ ಅಕ್ಷರಶಃ ನಿಜವಾಯಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ನಮ್ಮ ದೇಶದ ಹುಲಿ ನೆಲೆಯ ಕಾಡುಗಳಲ್ಲಿ ಸುಮಾರು 1,54,000 ಚದರ ಕಿಲೋಮೀಟರಿನಷ್ಟು, ಅಂದರೆ ಶೇಕಡ 40ಕ್ಕೂ ಮೇಲ್ಪಟ್ಟ ಭಾಗದಲ್ಲಿ ಲಂಟಾನ ನುಗ್ಗಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಮೊದಲಿಗೇ ತರಗೆಲೆಗೆ ಹಗುರವಾದ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. 1974ರಲ್ಲಿ ಆ ಕಾಡು ಅಭಯಾರಣ್ಯವಾಗಿ ಈ ಪದ್ಧತಿ ನಿಂತ ಮೇಲೆ ಲಂಟಾನ ಕಾಡನ್ನು ತುಂಬಿತೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಇಂದು ಪೊದೆ ಆಳೆತ್ತರ ಬೆಳೆದಿರುವಲ್ಲಿ ಬೆಂಕಿ ಹಾಕಿದರೆ ಅದು ನೆಲದ ಬೆಂಕಿಯಾಗಿ ಉಳಿಯದು, ಮರದ ತಲೆಗೇರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಕಾಳ್ಗಿಚ್ಚಿಗೆ ಒಣಗಿದ ಲಂಟಾನವೂ ಉರುವಲಾಯಿತು. ಆದ್ದರಿಂದ ಬೆಂಕಿ ನಮ್ಮ ಮಾರ್ಗವಲ್ಲ.

ದೆಹಲಿ ವಿಶ್ವವಿದ್ಯಾನಿಲಯದ ಪ್ರೊ. ಸಿ. ಆರ್. ಬಾಬು ಅವರು ಬಳಕೆಗೆ ತಂದ ಕ್ರಮ ಸರಳವಾಗಿದೆ. ಹೂಕಾಯಿ ಇಲ್ಲದ ಹೊತ್ತಿನಲ್ಲಿ ನೆಲಮಟ್ಟದಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡುವುದು. ಬೇರು ಮೇಲಾಗಿ ಒಣಗುವುದರಿಂದ ಮತ್ತೆ ಚಿಗುರಲು ಆಸ್ಪದವಿಲ್ಲ. ಆಮೇಲಿನ ಎರಡು ಮಳೆಗಾಲ ಹಕ್ಕಿಗಳು ಕೂರುವ ಮರಗಳ ಕೆಳಗೆ ಸಸಿಗಳನ್ನು ಹುಡುಕಿ ಕಿತ್ತು, ತೆರವಾದ ನೆಲಕ್ಕೆ ಹುಲ್ಲನ್ನೋ ಮರವನ್ನೋ ಹಾಕಬೇಕು. ಬರಿದೇ ಬಿಟ್ಟ ನೆಲ ಮತ್ತೆ ಲಂಟಾನಕ್ಕೇ ಹೋಗುತ್ತದೆ.

ಕಡಿದ ದಂಟು ಬೆಲೆಯಿಲ್ಲದ್ದೇನಲ್ಲ. ಮಲೆಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಲಂಟಾನದ ದಂಟನ್ನು ಬೇಯಿಸಿ, ತೊಗಟೆ ತೆಗೆದು, ಬೆತ್ತದಂತೆ ಕುರ್ಚಿ ಮೇಜು ಹೆಣೆಯುತ್ತಾರೆ. ನೀಲಗಿರಿಯ ಗೂಡಲೂರಿನಲ್ಲಿ ಇದೇ ದಂಟಿನಿಂದ ಕಟ್ಟಿದ ಆಳೆತ್ತರಕ್ಕೂ ಮೀರಿದ ಆನೆಗಳು 2021ರಲ್ಲಿ ಲಂಡನ್ ನಗರದ ಉದ್ಯಾನಗಳಲ್ಲಿ ಪ್ರದರ್ಶನಗೊಂಡವು.

3. ಮೈಕೇನಿಯ ಬಳ್ಳಿ

ಈ ಆರರಲ್ಲಿ ಕಾಫಿ ಮತ್ತು ಕಾಳುಮೆಣಸು ಬೆಳೆಗಾರರು ಅತ್ಯಂತ ಎಚ್ಚರದಿಂದ ನೋಡಬೇಕಾದದ್ದು ಇದನ್ನು. ದಕ್ಷಿಣ ಮತ್ತು ಮಧ್ಯ ಅಮೆರಿಕದ ಈ ಬಳ್ಳಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ನಿಲ್ದಾಣಗಳನ್ನು ಮರೆಮಾಡಲು ತಂದರೆಂದು ಹೇಳುವುದುಂಟು. ಅಸ್ಸಾಮಿನ ಚಹಾ ತೋಟಗಳನ್ನೂ ಕೇರಳದ ತೋಟಗಳನ್ನೂ ಹಣಿದು, ಕೊಡಗಿನ ಕಡೆಯಿಂದ ನಮ್ಮ ಕಾಫಿಗೂ ಕೈಯಿಟ್ಟಿದೆ.

ಎಲೆ ಹೃದಯದಾಕಾರ, ದೂರದಿಂದ ಎಳೆ ಮೆಣಸಿನ ಬಳ್ಳಿಯೆಂದೇ ಭ್ರಮೆಯಾಗುತ್ತದೆ. ಗುರುತಿಸುವ ಉಪಾಯ ಹೀಗಿದೆ. ಮೆಣಸಿನ ಬಳ್ಳಿಯ ಗೆಣ್ಣಿಗೆ ಒಂದೊಂದೇ ಎಲೆ, ಒಮ್ಮೆ ಈ ಬದಿ, ಒಮ್ಮೆ ಆ ಬದಿ. ಮೈಕೇನಿಯಕ್ಕೆ ಪ್ರತಿ ಗೆಣ್ಣಿನಲ್ಲೂ ಎದುರುಬದುರಾಗಿ ಎರಡು ಎಲೆ. ಹೊಸ ಆಳುಗಳಿಗೆ ಇದನ್ನು ಕೈಯಲ್ಲಿ ಹಿಡಿದು ತೋರಿಸಿದರೆ ಒಂದು ದಿನದಲ್ಲಿ ಕಲಿಯುತ್ತಾರೆ. ಮಳೆಗಾಲ ಕಳೆದ ಮೇಲೆ ಸಣ್ಣ ಬಿಳಿ ಹೂಗಳ ಗೊಂಚಲು ಬಂದು, ಯುಪಟೋರಿಯಂನಂತೆಯೇ ಹಾರುವ ಬೀಜ ಕಟ್ಟುತ್ತದೆ.

ಇದರ ಬಲ ಬೀಜದಲ್ಲಿ ಮಾತ್ರವಲ್ಲ, ಗೆಣ್ಣಿನಲ್ಲಿದೆ. ನೆಲಕ್ಕೆ ತಾಗಿದ ಪ್ರತಿ ಗೆಣ್ಣೂ ಬೇರು ಬಿಡುತ್ತದೆ. ಆದ್ದರಿಂದ ಕತ್ತಿಯಿಂದ ತುಂಡು ತುಂಡಾಗಿ ಕೊಚ್ಚಿದರೆ, ಬ್ರಷ್ ಕಟರ್ ಓಡಿಸಿದರೆ, ನಾವೇ ಕಡ್ಡಿ ನೆಟ್ಟಂತೆ. ಬುಡ ಹುಡುಕಿ ಎಳೆದು, ಹಗ್ಗದಂತೆ ಸುತ್ತಿ, ಬಿಸಿಲು ಬೀಳುವ ಅರೆಗಲ್ಲಿನ ಮೇಲೋ ಒಣ ಕಣದಲ್ಲೋ ಹರವಿ ಪೂರ್ತಿ ಒಣಗಿಸಬೇಕು. ಹಳ್ಳಕ್ಕೆ ಎಸೆದರೆ ಕೆಳಗಿನ ಊರಿನವರಿಗೆ ದಾನ ಮಾಡಿದಂತಾಗುತ್ತದೆ. ಕಾಫಿ ಗಿಡದ ನೆತ್ತಿಗೇರಿದ ಬಳ್ಳಿಯನ್ನು ಬುಡದಲ್ಲಿ ಬೇರ್ಪಡಿಸಿ, ಮೇಲಿನದನ್ನು ಒಣಗಲು ಬಿಟ್ಟು ಆಮೇಲೆ ಬಿಡಿಸಿದರೆ ರೆಕ್ಕೆ ಮುರಿಯುವುದಿಲ್ಲ.

4. ಪಾರ್ಥೇನಿಯಂ

ಬಯಲುಸೀಮೆಯವರಿಗೆ ಕಾಂಗ್ರೆಸ್ ಗಿಡ. ಎರಡು ಕಳೆಗಳಿಗೆ ಎರಡು ರಾಜಕೀಯ ಪಕ್ಷಗಳ ಹೆಸರು ಅಂಟಿರುವುದು ಜನರ ವಿನೋದವೇ ಹೊರತು ಬೇರೇನಲ್ಲ. 1955ರ ಸುಮಾರಿಗೆ ಪುಣೆಯಲ್ಲಿ ಇದು ಗಮನಕ್ಕೆ ಬಂತು. ಅಮೆರಿಕದಿಂದ ಆಮದಾದ ಗೋಧಿಯೊಡನೆ ಹರಡಿತೆಂಬುದು ಜನಜನಿತ ಅಭಿಪ್ರಾಯ. ಮೊದಲು ನೆಲಕ್ಕೆ ಅಂಟಿದಂತೆ ಎಲೆಯ ಚಕ್ರ. ಎಲೆ ಗಜ್ಜರಿಯ ಎಲೆಯಂತೆ ಸೀಳು ಸೀಳು. ಆಮೇಲೆ ಏಳುವ ಕಾಂಡದ ತುದಿಯಲ್ಲಿ ಸಣ್ಣ ಬಿಳಿ ಹೂ. ಮೊಳೆತು ಒಂದೂವರೆ ತಿಂಗಳೊಳಗೆ ಹೂ ಬಿಡಬಲ್ಲದು. ಒಂದು ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಕೊಡಬಲ್ಲದು. ಮೈ ತಾಗಿದವರಿಗೆ ಕಜ್ಜಿ, ಹೂಪುಡಿ ಉಸಿರಿಗೆ ಸೇರಿದವರಿಗೆ ಉಬ್ಬಸ. ಕೀಳುವವರು ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೂವಿಗೆ ಮುಂಚೆಯೇ ಕೀಳಬೇಕು.

ಮಲೆನಾಡಿನ ನೆರಳಿನಲ್ಲಿ ಇದು ದೊಡ್ಡ ಶತ್ರುವಲ್ಲ. ಆದರೆ ಬರುವ ದಾರಿಯನ್ನು ತಿಳಿದಿರಬೇಕು. ನಾವು ಬಯಲುಸೀಮೆಯಿಂದ ಲಾರಿಗಟ್ಟಲೆ ತರಿಸುವ ಕುರಿಗೊಬ್ಬರ, ಕೊಟ್ಟಿಗೆ ಗೊಬ್ಬರ, ಒಣಹುಲ್ಲು ಇವುಗಳ ಜೊತೆಗೇ ಬೀಜವೂ ಬರುತ್ತದೆ. ಹೀಗೆ ಬಂದ ಗೊಬ್ಬರವನ್ನು ನೇರವಾಗಿ ತೋಟಕ್ಕೆ ಹರಡದೆ, ಮನೆಯ ಹತ್ತಿರ ಒಂದೇ ಕಡೆ ರಾಶಿ ಹಾಕಿ ಚೆನ್ನಾಗಿ ಕೊಳೆಯಿಸಿ ಬಳಸಿದರೆ ಅರ್ಧ ಕಂಟಕ ಅಲ್ಲೇ ಕಳೆಯಿತು. ಬಯಲಂಚಿನ ಪಾಳು ಜಾಗಗಳಲ್ಲಿ ತಗಚೆ ಬೀಜವನ್ನು ಬೇಸಿಗೆ ಕೊನೆಗೆ ಎರಚಿದರೆ ಅದು ಪಾರ್ಥೇನಿಯಂ ಅನ್ನು ಒತ್ತರಿಸಿ ಬೆಳೆಯುತ್ತದೆ.

5. ದೊಡ್ಡ ಮುಟ್ಟಿದರೆ ಮುನಿ

ನಮ್ಮ ಪರಿಚಯದ ನಾಚಿಕೆ ಮುಳ್ಳಿನ ದೊಡ್ಡಣ್ಣ. ಮೂಲೆಮೂಲೆಯಾದ ಕಾಂಡದ ತುಂಬ ಹಿಂದಕ್ಕೆ ಬಾಗಿದ ಮುಳ್ಳು. ನಸುಗೆಂಪು ಚೆಂಡಿನಂಥ ಹೂ. ಸಣ್ಣ ಜಾತಿಯದು ನೆಲದಲ್ಲೇ ಉಳಿದರೆ ಇದು ಗಿಡದ ಮೇಲೇರಿ ಮೆಳೆ ಕಟ್ಟುತ್ತದೆ. ಬೇರಿನಲ್ಲಿ ಸಾರಜನಕ ಕಟ್ಟುವ ದ್ವಿದಳ ಸಸ್ಯವೆಂದು ಇದನ್ನು ತೋಟಗಳಲ್ಲಿ ಹೊದಿಕೆ ಬೆಳೆಯಾಗಿ ಬಿತ್ತಿದ್ದೂ ಉಂಟು. ಬೀಜ ಮಣ್ಣಿನಲ್ಲಿ ಬಹುಕಾಲ ಬದುಕಿರುವುದರಿಂದ ಒಂದು ವರ್ಷ ಕಾಯಿ ಬಿಡಲು ಬಿಟ್ಟರೆ ಹಲವು ವರ್ಷ ಕೂಲಿ ತೆರಬೇಕಾಗುತ್ತದೆ. ಮುಳ್ಳು ಬಲಿಯುವ ಮುಂಚೆ, ಮೊದಲ ಮಳೆಗೆ ಎದ್ದ ಸಸಿಯನ್ನೇ ಕೆತ್ತಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವ ಗತಿ ತಂದುಕೊಳ್ಳಬಾರದು.

6. ಹಳದಿ ಹೂವಿನ ಸೆನ್ನಾ ಮರ

ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಈ ಮರವನ್ನು ಚೆಂದಕ್ಕೂ ನೆರಳಿಗೂ ಸೌದೆಗೂ ನೆಟ್ಟರು. ಈಗ ವಯನಾಡು, ಮುದುಮಲೆ, ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ತಾನಾಗಿ ಹಬ್ಬುತ್ತಿದೆ. ನಮ್ಮ ಕಕ್ಕೆ ಮರದೊಡನೆ ಇದನ್ನು ಬೆರೆಸಬಾರದು. ಕಕ್ಕೆಯ ಹೂ ಸರದಂತೆ ಕೆಳಕ್ಕೆ ಜೋಲುತ್ತದೆ. ಇದರ ಹೂಗೊಂಚಲು ಮೇಲ್ಮುಖವಾಗಿ ನಿಲ್ಲುತ್ತದೆ. ಕಕ್ಕೆಯ ಎಲೆ ಅಗಲ, ಕೆಲವೇ ಜೋಡಿ. ಇದರದು ಕಿರಿದು, ಜೋಡಿಗಳು ಹೆಚ್ಚು. ಕಡಿದರೆ ಬುಡದಿಂದ ಗುಂಪಾಗಿ ಚಿಗುರುವುದರಿಂದ, ನಿಂತ ಮರದ ತೊಗಟೆಯನ್ನು ಸೊಂಟದೆತ್ತರದಿಂದ ನೆಲದವರೆಗೂ ಸುತ್ತ ಸುಲಿದು, ಬರುವ ಚಿಗುರನ್ನು ಮುರಿಯುತ್ತ ಮರ ಒಣಗುವವರೆಗೆ ಬಿಡದೆ ನೋಡಬೇಕು. ಸಸಿಗಳನ್ನು ಮಳೆಗಾಲದಲ್ಲಿ ಬೇರು ಸಹಿತ ಕೀಳಬೇಕು. ನೆರೆಯ ತಮಿಳುನಾಡಿನಲ್ಲಿ ಈ ಮರವನ್ನು ಕಾಡಿನಿಂದ ತೆಗೆಸಿ ಕಾಗದದ ಕಾರ್ಖಾನೆಗೆ ಒದಗಿಸುವ ವ್ಯವಸ್ಥೆ ಮಾಡಿದ್ದಾರೆ. ಹೊಸದಾಗಿ ನೆರಳುಮರ ನೆಡುವ ಸದಸ್ಯರು ಹೂ ಚೆಂದವೆಂದು ಇದರ ಸಸಿ ತರಬಾರದೆಂದು ನಮ್ಮ ಕಳಕಳಿಯ ಮನವಿ.

ಔಷಧಿ ಹೊಡೆಯುವ ಮೊದಲು

ಆಳಿನ ಅಭಾವದಿಂದ ಕಳೆನಾಶಕದ ಕಡೆಗೆ ಕೈ ಹೋಗುವುದು ಸಹಜ. ನಾವು ಅದನ್ನು ಸಾರಾಸಗಟಾಗಿ ಅಲ್ಲಗಳೆಯುವುದಿಲ್ಲ. ಆದರೆ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ನಮ್ಮ ದೇಶದಲ್ಲಿ ಗ್ಲೈಫೊಸೇಟ್ ಬಳಕೆಗೆ ಒಪ್ಪಿಗೆಯಿರುವುದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ನೆಲಕ್ಕೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಇದರ ಸಿಂಪಡಣೆಯನ್ನು ಪರವಾನಗಿಯುಳ್ಳ ಕೀಟ ನಿಯಂತ್ರಕರ ಮೂಲಕವೇ ಮಾಡಿಸಬೇಕೆಂದು ಅಧಿಸೂಚನೆ ಹೊರಡಿಸಿತು. ಯಾವ ಔಷಧಿಯನ್ನೇ ಆಗಲಿ, ಡಬ್ಬಿಯ ಮೇಲಿನ ಚೀಟಿಯಲ್ಲಿ ನಮ್ಮ ಬೆಳೆಯ ಹೆಸರಿದೆಯೇ ಎಂದು ನೋಡದೆ, ಕಾಫಿ ಮಂಡಳಿಯ ವಿಸ್ತರಣಾ ಕಚೇರಿಯಲ್ಲೋ ಕೃಷಿ ಅಧಿಕಾರಿಯ ಬಳಿಯೋ ವಿಚಾರಿಸದೆ ಕೊಳ್ಳಬಾರದು. ಪ್ಯಾರಾಕ್ವಾಟ್ ದೇಹಕ್ಕೆ ಸೇರಿದರೆ ಅದಕ್ಕೆ ಪ್ರತಿವಿಷವಿಲ್ಲ. ಮನೆಯಲ್ಲಿ ಮಕ್ಕಳ ಕೈಗೆ ಸಿಗುವಂತೆ ಅರ್ಧ ಬಾಟಲಿ ಇಡುವುದು ಅಪಾಯವನ್ನು ಕರೆದು ಕೂರಿಸಿದಂತೆ. ಅಡಿಕೆ ತೋಟದ ಕಾಲುವೆಯಲ್ಲಿ ಹರಿಯುವ ನೀರನ್ನೇ ಕೆಳಗಿನ ಮನೆಯವರು ಕುಡಿಯುತ್ತಾರೆಂಬುದನ್ನೂ, ಕಾಫಿ ಕೊಳ್ಳುವ ಹೊರದೇಶದವರು ಔಷಧಿಯ ಶೇಷಾಂಶವನ್ನು ಪರೀಕ್ಷಿಸುತ್ತಾರೆಂಬುದನ್ನೂ ಮರೆಯಬಾರದು. ಒಂದು ತಪ್ಪು ಸಿಂಪಡಣೆ ಮೆಣಸಿನ ಬಳ್ಳಿಯನ್ನು ಸುಟ್ಟರೆ ಉಳಿಸಿದ ಕೂಲಿ ಎಲ್ಲಿಗೂ ಸಾಲದು.

ಕಳೆಯನ್ನು ತಿನ್ನುವ ಮಿತ್ರರು

ಕಳೆಯ ತವರಿನಿಂದ ಅದರ ಶತ್ರು ಹುಳುವನ್ನೇ ತಂದು ಬಿಡುವ ಮಾರ್ಗವೂ ಉಂಟು. ಮೆಕ್ಸಿಕೋದ ಒಂದು ಚಿಕ್ಕ ಜೀರುಂಡೆಯನ್ನು 1983ರಲ್ಲಿ ಬೆಂಗಳೂರಿಗೆ ತಂದು, ಪರೀಕ್ಷಿಸಿ, 1984ರಲ್ಲಿ ಪಾರ್ಥೇನಿಯಂ ಮೇಲೆ ಬಿಟ್ಟರು. ಮಾಸಲು ಬಿಳಿಯ ಮೈಮೇಲೆ ಕಂದು ಗೆರೆಗಳಿರುವ ಈ ಜೀರುಂಡೆ ಈಗ ಮಳೆ ಬಂದೊಡನೆ ತಾನಾಗಿ ಕಾಣಿಸಿಕೊಳ್ಳುತ್ತದೆ. ಇದು ತಿನ್ನುತ್ತಿರುವ ಗಿಡದ ಮೇಲೆ ಔಷಧಿ ಹೊಡೆಯುವುದು ಕೆಲಸಗಾರನನ್ನು ಓಡಿಸಿದಂತೆ. ನೀರಿನ ಕಳೆ ಸಾಲ್ವೀನಿಯದ ಮೇಲೆ 1980ರ ದಶಕದಲ್ಲಿ ಬಿಟ್ಟ ಮೂತಿಹುಳು ಕೇರಳದ ಜಲಮಾರ್ಗಗಳನ್ನು ಎಷ್ಟೋ ಮಟ್ಟಿಗೆ ಬಿಡಿಸಿಕೊಟ್ಟಿತು. ಯುಪಟೋರಿಯಂ ದಂಟಿನಲ್ಲಿ ಗಂಟು ಕಟ್ಟಿಸುವ ನೊಣವನ್ನು ಇಂಡೊನೇಷ್ಯದಿಂದ ತರಿಸಿ ಬೆಂಗಳೂರಿನ ವಿಜ್ಞಾನಿಗಳು ಬಿಟ್ಟಿದ್ದಾರೆ. ಎಲ್ಲವೂ ಗೆಲ್ಲುವುದಿಲ್ಲ. ಮೈಕೇನಿಯದ ಮೇಲೆ 2005ರಲ್ಲಿ ಅಸ್ಸಾಮಿನಲ್ಲಿಯೂ 2006ರಲ್ಲಿ ಕೇರಳದಲ್ಲಿಯೂ ಬಿಟ್ಟ ತುಕ್ಕು ಶಿಲೀಂಧ್ರ ಅಲ್ಲಿ ನೆಲೆಯೂರಲಿಲ್ಲ. ಇವೆಲ್ಲ ವಿಜ್ಞಾನಿಗಳು ಮಾಡಬೇಕಾದ ಕೆಲಸ. ನಮ್ಮ ಕೆಲಸ ಬಂದ ಮಿತ್ರರನ್ನು ಗುರುತಿಸಿ ಉಳಿಸಿಕೊಳ್ಳುವುದು.

ಬೇಲಿಯಾಚೆ ಯಾರ ಹೊಣೆ?

ಈಗ ಮೂಲ ಪ್ರಶ್ನೆಗೆ ಬರೋಣ. ನಮ್ಮ ತೋಟದ ನಾಲ್ಕು ಗಡಿಗಳಲ್ಲಿ ಒಂದು ಕಡೆ ಊರಿನಲ್ಲಿಲ್ಲದವರ ಪಾಳುತೋಟ, ಒಂದು ಕಡೆ ರಸ್ತೆ, ಒಂದು ಕಡೆ ಗೋಮಾಳ, ಮೇಲೆ ಬೆಟ್ಟ ಅಥವಾ ಕಾಡು. ನಮ್ಮದು ಎಷ್ಟೇ ಚೊಕ್ಕಟವಾಗಿದ್ದರೂ ಜನವರಿಯ ಗಾಳಿಗೆ ಸರ್ವೆ ನಂಬರಿನ ಗಡಿ ಗೊತ್ತಿಲ್ಲ.

ಅಡಿಕೆ ಬೆಳೆಗಾರರಿಗೆ ಬೆಟ್ಟದ ಪ್ರಶ್ನೆ ಇನ್ನೂ ಹತ್ತಿರದ್ದು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನಬೆಟ್ಟದ ಸೌಲಭ್ಯ ಹಿಂದಿನಿಂದ ಬಂದದ್ದು. ಮಲೆನಾಡಿನ ಬೇರೆ ಭಾಗಗಳಲ್ಲಿ ಸೊಪ್ಪಿನಬೆಟ್ಟ, ಕೊಡಗಿನಲ್ಲಿ ಬಾಣೆ, ಕರಾವಳಿಯಲ್ಲಿ ಕುಮ್ಕಿ, ಹೀಗೆ ಹೆಸರು ಬೇರೆ ಬೇರೆ. ಸೊಪ್ಪು, ತರಗೆಲೆ, ದನದ ಮೇವು ಎಲ್ಲಕ್ಕೂ ತೋಟ ಈ ನೆಲವನ್ನೇ ನೆಚ್ಚಿತ್ತು. ಈಗ ಆ ಬೆಟ್ಟಗಳಿಗೆ ಹೋಗಿ ನೋಡಿ. ಮತ್ತಿ, ಹೊನ್ನೆ, ನೆಲ್ಲಿ ಮರಗಳ ಕೆಳಗೆ ಎಳೆ ಸಸಿ ಒಂದೂ ಇಲ್ಲ; ನಡುವೆಲ್ಲ ಯುಪಟೋರಿಯಂ. ಈಗಿರುವ ಮರಗಳು ಮುದಿಯಾಗಿ ಬಿದ್ದ ಮೇಲೆ ಸೊಪ್ಪು ಎಲ್ಲಿಂದ? ಮಾರ್ಚ್ ತಿಂಗಳಲ್ಲಿ ಆ ಒಣದಂಟಿಗೆ ಒಂದು ಬೀಡಿಯ ಕಿಡಿ ಬಿದ್ದರೆ, ಬೆಟ್ಟದ ಜೊತೆ ತೋಟದ ಬೇಲಿ, ನೀರಿನ ಪೈಪು, ಅಂಚಿನ ಅಡಿಕೆ ಮರ ಎಲ್ಲವೂ ಹೋಗುತ್ತವೆ. ಹೀಗಾಗಿ ಕಳೆಯ ವಿಷಯ ಈ ವರ್ಷದ ಕೂಲಿಯ ಲೆಕ್ಕ ಮಾತ್ರವಲ್ಲ. ಮುಂದಿನ ತಲೆಮಾರಿಗೆ ತೋಟ ಉಳಿಯುವುದೇ ಎಂಬ ಲೆಕ್ಕವೂ ಹೌದು.

ಸಾರ್ವಜನಿಕ ನೆಲದ ಕಳೆಯ ವಿಷಯವಾಗಿ ನಾವು ಸಂಘದಿಂದ ಬರೆದುಕೊಂಡದ್ದುಂಟು. ಒಂದು ಕಚೇರಿಯವರು ರಸ್ತೆಯಂಚು ತಮ್ಮದಲ್ಲವೆಂದರು. ಎರಡನೆಯವರು ಚರಂಡಿಯವರೆಗೆ ಮಾತ್ರ ತಮ್ಮದೆಂದರು. ಮೂರನೆಯವರು ಮೊದಲನೆಯವರ ಕಡೆಗೇ ಬೆರಳು ತೋರಿಸಿದರು. ಇಷ್ಟರಲ್ಲಿ ಗಿಡ ಬೀಜ ಬಿಟ್ಟಾಗಿತ್ತು. ಹೀಗೆಂದು ಕೈಚೆಲ್ಲಿ ಕೂರುವಂತಿಲ್ಲ. ಇರುವ ದಾರಿಗಳನ್ನು ಸದಸ್ಯರು ತಿಳಿದಿರಬೇಕು.

ಮೊದಲನೆಯದಾಗಿ, 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಕಾಯಿದೆ ನಮ್ಮಲ್ಲಿದೆ. ಪಾರ್ಥೇನಿಯಂ ಅನ್ನು 1970ರ ದಶಕದಲ್ಲಿಯೇ ಇದರಡಿ ಹಾನಿಕಾರಕ ಕಳೆಯೆಂದು ಸಾರಲಾಯಿತು. ಹೀಗೆ ಸಾರಿದ ಕಳೆಯನ್ನು ತೆಗೆಯುವಂತೆ ಜಮೀನಿನ ಅನುಭೋಗದಾರನಿಗೆ ಸೂಚನೆ ಕೊಡುವುದು, ಅವನು ಮಾಡದಿದ್ದರೆ ಮಾಡಿಸಿ ಖರ್ಚು ವಸೂಲು ಮಾಡುವುದು ಇಂಥ ಕಾಯಿದೆಯ ತಿರುಳು. ಕಾಯಿದೆ ತಾನಾಗಿ ಕತ್ತಿ ಹಿಡಿದು ಬರುವುದಿಲ್ಲ. ಮೈಕೇನಿಯದಂಥ ಕಳೆಗಳನ್ನೂ ಇದರಡಿ ಸೇರಿಸಬೇಕೆಂದು ಬೆಳೆಗಾರರ ಸಂಘಗಳು ಒಟ್ಟಾಗಿ ಒತ್ತಾಯಿಸಬೇಕು.

ಎರಡನೆಯದಾಗಿ, ಗೋಮಾಳ ಮತ್ತು ಊರ ದಾರಿಗಳ ವಿಷಯವನ್ನು ಗ್ರಾಮಸಭೆಯಲ್ಲಿ ಎತ್ತಿ, ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಬರೆಸಬೇಕು. ಬರೆಸುವಾಗ ತಿಂಗಳನ್ನೂ ನಮೂದಿಸಬೇಕು. ಬೀಜ ಉದುರಿದ ಮೇಲೆ, ಮಾರ್ಚ್ ಕೊನೆಗೆ ಹಣ ಮುಗಿಸಲೆಂದು ಮಾಡುವ ಕಳೆ ಕೆಲಸ ಬಿತ್ತನೆಯ ಕೆಲಸವೇ ಆಗುತ್ತದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ರಚನೆಯಾಗುವ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಗಮನಕ್ಕೂ ಇದನ್ನು ತರಬಹುದು.

ಮೂರನೆಯದಾಗಿ, ಬೆಟ್ಟ ಮತ್ತು ಕಾಡಿನಂಚು. ಇಲ್ಲಿ ನಮಗಿರುವುದು ಸೌಲಭ್ಯವೇ ಹೊರತು ಒಡೆತನವಲ್ಲ. ಕಳೆ ತೆಗೆಯುವ ನೆಪದಲ್ಲಿ ಮರದ ಸಸಿ ಕಡಿಯುವುದು, ಬೇಲಿ ಮುಂದಕ್ಕೆ ಸರಿಸುವುದು ನಡೆದರೆ ಇಲಾಖೆ ಎಲ್ಲರನ್ನೂ ಅನುಮಾನದಿಂದ ನೋಡುತ್ತದೆ. ಆದ್ದರಿಂದ ವಲಯ ಅರಣ್ಯಾಧಿಕಾರಿಗಳಿಂದ ಬರೆಹದಲ್ಲಿ ಒಪ್ಪಿಗೆ ಪಡೆದು, ಗ್ರಾಮ ಅರಣ್ಯ ಸಮಿತಿ ಇದ್ದಲ್ಲಿ ಅದರ ಮೂಲಕ, ಗಡಿ ಗುರುತಿಸಿ, ಕಳೆಯನ್ನು ಮಾತ್ರ ತೆಗೆದು, ತೆರವಾದಲ್ಲಿ ಮತ್ತಿ, ಹೊನ್ನೆ, ನೆಲ್ಲಿಯಂಥ ಊರಿನ ಮರಗಳನ್ನೇ ನೆಡಬೇಕು. ನೆರಳು ಕೂಡಿದಂತೆ ಯುಪಟೋರಿಯಂ ತಾನೇ ಹಿಂದೆ ಸರಿಯುತ್ತದೆ.

ಮುಯ್ಯಾಳು ಮತ್ತೆ ಬರಲಿ

ನೆಟ್ಟಿ, ಕೊಯ್ಲುಗಳಿಗೆ ಮುಯ್ಯಾಳು ಮಾಡಿಕೊಳ್ಳುತ್ತಿದ್ದ ಕಾಲ ನಮ್ಮ ಹಿರಿಯರಿಗೆ ನೆನಪಿದೆ. ಇಂದು ನನ್ನ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾನು. ಕೂಲಿಯ ಮಾತಿಲ್ಲ, ಊಟ ಒಟ್ಟಿಗೆ. ಕಳೆಯ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪದ್ಧತಿ ಇನ್ನೊಂದಿಲ್ಲ. ಏಕೆಂದರೆ ಇಲ್ಲಿ ನೆರೆಯವನ ಗಡಿಯಲ್ಲಿ ಕಿತ್ತ ಗಿಡದ ಲಾಭ ನಮಗೇ ಬರುತ್ತದೆ.

ಈ ದೃಷ್ಟಿಯಿಂದ ನಾವು ಸದಸ್ಯರ ಮುಂದಿಡುವ ಸಲಹೆ ಇದು. ಒಂದೇ ಹಳ್ಳದ ಎರಡು ದಂಡೆಯ, ಅಥವಾ ಒಂದೇ ಬೆಟ್ಟದ ಬುಡದ ಹತ್ತು ಹದಿನೈದು ಮನೆಯವರು ಒಂದು ಗುಂಪು ಮಾಡಿಕೊಳ್ಳಲಿ. ಗುಂಪಿನ ಕೆಲಸಕ್ಕೆ ಮೂರೇ ಹದಗಳನ್ನು ನಿಗದಿ ಮಾಡೋಣ.

ಜೂನ್ ಕೊನೆಯಿಂದ ಜುಲೈ: ಗಡಿ, ದಾರಿ, ಬಯಲಿನ ಎಳೆ ಸಸಿಗಳನ್ನು ಬೇರು ಸಹಿತ ಕೀಳುವುದು, ದೊಡ್ಡ ಮುಟ್ಟಿದರೆ ಮುನಿಯನ್ನು ಕೆತ್ತುವುದು.

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್: ಮೊಗ್ಗಿಗೆ ಮುಂಚೆ ಯುಪಟೋರಿಯಂ ಬುಡ ಅಗೆಯುವುದು, ಮೈಕೇನಿಯ ಎಳೆದು ಒಣಗಿಸುವುದು. ಇದು ಎಲ್ಲಕ್ಕಿಂತ ಮುಖ್ಯವಾದ ಹದ; ವರ್ಷದಲ್ಲಿ ಒಂದೇ ಸಲ ಸೇರುವುದಾದರೆ ಈಗಲೇ ಸೇರಬೇಕು.

ಡಿಸೆಂಬರ್: ತಪ್ಪಿಸಿಕೊಂಡ ಗಿಡಗಳ ಹೂವನ್ನು ಚೀಲಕ್ಕೆ ಕೊಯ್ದು ಸುಡುವುದು, ಬೆಟ್ಟದ ಅಂಚಿನಲ್ಲಿ ಅರಣ್ಯ ಇಲಾಖೆಗೆ ತಿಳಿಸಿ ಬೆಂಕಿರೇಖೆ ಬಿಡಿಸುವುದು.

ಊರಿನಲ್ಲಿಲ್ಲದ ಜಮೀನುದಾರರಿಗೆ ಗುಂಪಿನವರೇ ಸೌಜನ್ಯದಿಂದ ಕಾಗದ ಬರೆಯಲಿ. ಬೆಂಗಳೂರು ಮುಂಬಯಿಗಳಲ್ಲಿ ನೆಲಸಿದವರಿಗೆ ತಮ್ಮ ತೋಟದ ಸ್ಥಿತಿ ಗೊತ್ತಿರುವುದಿಲ್ಲ. ತಿಳಿಸಿದರೆ ಕೂಲಿಯ ಹಣ ಕಳಿಸಲು ಹಿಂದೆಗೆಯದವರೇ ಹೆಚ್ಚು. ಜೆಸಿಬಿ ತರಿಸಿ ರಸ್ತೆ, ಕೆರೆ ಮಾಡಿಸುವವರು ಯಂತ್ರದ ಚಕ್ರ ಮತ್ತು ತೊಟ್ಟಿಗೆ ಅಂಟಿದ ಮಣ್ಣನ್ನು ತೊಳೆಸಿಯೇ ಒಳಗೆ ಬಿಡಬೇಕು. ಹೊಸ ಮಣ್ಣು ಬಿದ್ದ ಜಾಗವನ್ನು ಮುಂದಿನ ಮಳೆಗಾಲ ತಪ್ಪದೆ ನೋಡಬೇಕು. ಅಲಸಂದೆಯನ್ನೋ ಹುರುಳಿಯನ್ನೋ ಎರಚಿ ನೆಲ ಮುಚ್ಚಬೇಕು.

ಹೊಸ ಕಳೆ ಕಂಡ ಸದಸ್ಯರು ಹೂವಿರುವ ಒಂದು ರೆಂಬೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ, ಸಿಕ್ಕಿದ ಜಾಗ ಮತ್ತು ದಿನ ಬರೆದು ಸಂಘದ ಕಚೇರಿಗೆ ತಲಪಿಸಿದರೆ, ಕಾಫಿಯದಾದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ, ಅಡಿಕೆಯದಾದರೆ ವಿಟ್ಲದ ಸಂಶೋಧನಾ ಕೇಂದ್ರಕ್ಕೆ ಕಳಿಸಿ ಗುರುತು ಕೇಳುವ ಹೊಣೆ ನಮ್ಮದು. ಹತ್ತು ಗಿಡ ಇರುವಾಗ ತಿಳಿದರೆ ಒಂದು ಬೆಳಗಿನ ಕೆಲಸ. ಹತ್ತು ಎಕರೆಗೆ ಹಬ್ಬಿದ ಮೇಲೆ ತಿಳಿದರೆ ಜೀವಮಾನದ ಕೆಲಸ.

ಕಳೆಯನ್ನು ಈ ಸೀಮೆಯಿಂದ ಪೂರ್ತಿ ಓಡಿಸುತ್ತೇವೆಂದು ನಾವು ಹೇಳುತ್ತಿಲ್ಲ. ಅದು ಆಗದ ಮಾತು. ನಮ್ಮ ಹಳ್ಳದ ಎರಡು ದಂಡೆಯಲ್ಲಿ ಬರುವ ಜನವರಿಗೆ ಹೂ ಬಿಡುವ ಗಿಡ ಕಡಿಮೆಯಾಗಲಿ ಎಂಬಷ್ಟೇ ನಮ್ಮ ಗುರಿ. ಮರುವರ್ಷ ಇನ್ನಷ್ಟು ಕಡಿಮೆಯಾಗುತ್ತದೆ. ಗುಂಪು ಮಾಡಿಕೊಳ್ಳಲು ಇಚ್ಛಿಸುವವರು ಸರ್ವಸದಸ್ಯರ ಸಭೆಗೆ ಮುಂಚೆ ತಮ್ಮ ನೆರೆಹೊರೆಯವರ ಹೆಸರುಗಳೊಡನೆ ಕಚೇರಿಗೆ ತಿಳಿಸಬೇಕಾಗಿ ವಿನಂತಿ. ಪಿಕಾಸಿ, ಕೈಗವಸುಗಳನ್ನು ಒಟ್ಟಾಗಿ ತರಿಸಿ ಕೊಂಡ ಬೆಲೆಗೇ ಒದಗಿಸುವ ವ್ಯವಸ್ಥೆಯನ್ನು ಸಂಘ ಮಾಡುತ್ತದೆ.

— ಕಾರ್ಯದರ್ಶಿ